ಓದುಗರ ಪ್ರಶ್ನೆ, ವೈದ್ಯರ ಉತ್ತರ: ಹೃದಯ ಸ್ನಾಯುವಿನ ಮೇಲೆ ಕೇಂದ್ರೀಕೃತ ಅಲ್ಟ್ರಾಸೌಂಡ್

ಅಲ್ಟ್ರಾಸೌಂಡ್ ಕಿರಣಗಳನ್ನು ಒಂದೆಡೆ ಕೂಡಿಸಿ ಚಿಕಿತ್ಸೆ ನೀಡುವ ವಿಧಾನಗಳ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಹೃದಯಕ್ಕೆ ಸಂಬಂಧಿಸಿದ ಐದು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮೂರು ವರ್ಷದ ಮಗಳ ಹೃದಯದ ಗೋಡೆಯಲ್ಲಿ ಸಣ್ಣ ರಂಧ್ರವಿದೆ. ಅದು ತಾನಾಗಿಯೇ ಮುಚ್ಚಿಕೊಳ್ಳಬಹುದು ಎಂದು ಹೇಳಿರುವ ವೈದ್ಯರು ಆರು ತಿಂಗಳಿಗೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸುತ್ತಿದ್ದಾರೆ. ಅಲ್ಟ್ರಾಸೌಂಡ್‌ನಿಂದ ಗಡ್ಡೆಗಳನ್ನು ಸುಡುತ್ತಾರೆ ಎಂದು ಓದಿದ ದಿನದಿಂದ ಭಯವಾಗಿದೆ. ಅದೇ ಅಲ್ಟ್ರಾಸೌಂಡ್ ಮಗುವಿನ ಎಳೆಯ ಹೃದಯಕ್ಕೆ ಹಾನಿ ಮಾಡುವುದಿಲ್ಲವೇ? (ಹಾಸನದ ಓದುಗರು)

ಉತ್ತರ: ಹೆದರಬೇಡಿ, ಎಕೋ ಪರೀಕ್ಷೆಯನ್ನು ತಪ್ಪಿಸಬೇಡಿ. ಎರಡರಲ್ಲಿಯೂ ಬಳಕೆಯಾಗುವುದು ನಮ್ಮ ಕಿವಿಗೆ ಕೇಳಿಸದ ಧ್ವನಿಯೇ ಆದರೂ ಅವುಗಳ ತೀವ್ರತೆಯಲ್ಲಿ ಅಪಾರ ಅಂತರವಿದೆ. ರೋಗ ಪತ್ತೆಗಾಗಿ ಬಳಸುವ ಯಂತ್ರಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ನಿಗದಿ ಮಾಡಿರುವ ಮಿತಿ, ಕಾಲಾವಧಿಯ ಸರಾಸರಿಯಲ್ಲಿ, ಚದರ ಸೆಂಟಿಮೀಟರಿಗೆ 720 ಮಿಲಿವ್ಯಾಟ್. ಅಂಗಾಂಶವನ್ನು ಸುಡುವ ಚಿಕಿತ್ಸೆಯಲ್ಲಾದರೋ ಕೇಂದ್ರಬಿಂದುವಿನ ತೀವ್ರತೆ ಚದರ ಸೆಂಟಿಮೀಟರಿಗೆ 1,000ದಿಂದ 10,000 ವ್ಯಾಟ್‌ವರೆಗೆ ಇರುತ್ತದೆ. ಅಂದರೆ ಸಾವಿರ ಪಟ್ಟಿಗೂ ಹೆಚ್ಚು. ಜೊತೆಗೆ ಎಕೋ ಮಾಡುವಾಗ ಪ್ರೋಬ್ (ಧ್ವನಿಯನ್ನು ಹೊರಡಿಸುವ ಸಾಧನ) ಒಂದೆಡೆ ನಿಲ್ಲುವುದಿಲ್ಲ, ಕಿರಣ ಹೃದಯದ ಮೇಲೆ ಸತತವಾಗಿ ಅತ್ತಿತ್ತ ಹರಿದಾಡುತ್ತದೆ. ಎಕ್ಸ್‌ರೇ ಅಥವಾ ಸಿ.ಟಿ.ಯಲ್ಲಿರುವಂತಹ ವಿಕಿರಣ ಇದರಲ್ಲಿ ಇಲ್ಲವೇ ಇಲ್ಲ. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಅವರು 1953ರಲ್ಲಿ ಮೊದಲ ಬಾರಿಗೆ ಹೃದಯದ ಚಲನೆಯನ್ನು ಅಲ್ಟ್ರಾಸೌಂಡ್‌ನಿಂದ ದಾಖಲಿಸಿದ ಮೇಲೆ ಏಳು ದಶಕಗಳಿಂದ ಈ ಪರೀಕ್ಷೆ ನಡೆಯುತ್ತ ಬಂದಿದೆ. ನಿಮ್ಮ ಮಗಳ ವಿಷಯದಲ್ಲಿ ನಿಜವಾದ ಅಪಾಯವಿರುವುದು ರಂಧ್ರದ ಸ್ಥಿತಿಯನ್ನು ಗಮನಿಸದೆ ಬಿಡುವುದರಲ್ಲಿ.

ಪ್ರಶ್ನೆ: ನಾನು ಶರೀರಕ್ರಿಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕೇಂದ್ರೀಕೃತ ಅಲ್ಟ್ರಾಸೌಂಡ್ ಹೃದಯ ಸ್ನಾಯುವಿನಲ್ಲಿ ಯಾವ ಜೈವಿಕ ಬದಲಾವಣೆಗಳನ್ನು ಉಂಟುಮಾಡುತ್ತದೆ? ಶಾಖವೊಂದೇ ಅದಕ್ಕೆ ಕಾರಣವೇ? ಯಕೃತ್ತಿನಲ್ಲಿಯೋ ಗರ್ಭಕೋಶದಲ್ಲಿಯೋ ಆಗುವುದಕ್ಕೂ ಹೃದಯದಲ್ಲಿ ಆಗುವುದಕ್ಕೂ ವ್ಯತ್ಯಾಸವಿದೆಯೇ? (ಧಾರವಾಡದ ಓದುಗರು)

ಉತ್ತರ: ಶಾಖವೊಂದೇ ಕಾರಣವಲ್ಲ. ಶಾಖ, ಒತ್ತಡ, ಅನಿಲದ ಗುಳ್ಳೆಗಳು ಎಂಬ ಮೂರು ದಾರಿಗಳಲ್ಲಿ ಈ ಧ್ವನಿ ಅಂಗಾಂಶವನ್ನು ಮುಟ್ಟುತ್ತದೆ. ಹೃದಯದ ಮಟ್ಟಿಗೆ ನಾಲ್ಕನೆಯದಾಗಿ, ಮಿಡಿತದ ಯಾವ ಕ್ಷಣದಲ್ಲಿ ಅದು ತಲುಪಿತು ಎಂಬುದನ್ನೂ ಸೇರಿಸಬೇಕು. ಬೇರೆ ಅಂಗಗಳಿಗೂ ಹೃದಯಕ್ಕೂ ಇರುವ ವ್ಯತ್ಯಾಸದ ಬೇರು ಇದರಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಶಾಖ. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. 1 ಮೆಗಾಹರ್ಟ್ಸ್ ಆವರ್ತನದಲ್ಲಿ ಅಲೆಯ ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ಆದ್ದರಿಂದ ಬಾಗಿದ ಬಟ್ಟಲಿನಂತಹ ಪ್ರೋಬ್‌ನಿಂದ ಹೊರಟ ಕಿರಣಗಳನ್ನು ಅಕ್ಕಿ ಕಾಳಿನಷ್ಟು ಸಣ್ಣ ಜಾಗಕ್ಕೆ ಕೂಡಿಸಲು ಸಾಧ್ಯವಾಗುತ್ತದೆ. ಅಲ್ಲಿ ಹೀರಿಕೆಯಾದ ಧ್ವನಿಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಸಪರೆಟೊ ಮತ್ತು ಡ್ಯೂಯಿ ಎಂಬ ಸಂಶೋಧಕರು 1984ರಲ್ಲಿ ಮುಂದಿಟ್ಟ ಲೆಕ್ಕಾಚಾರವನ್ನು ಇಂದಿಗೂ ಬಳಸುತ್ತೇವೆ. 43 ಡಿಗ್ರಿ ಸೆಲ್ಸಿಯಸ್‌ನಲ್ಲಿ 240 ನಿಮಿಷ ಇಟ್ಟರೆ ಸಾಮಾನ್ಯವಾಗಿ ಸ್ನಾಯುಕೋಶಗಳು ಸಾಯುತ್ತವೆ ಎಂದು ಇಟ್ಟುಕೊಂಡರೆ, ಅದರ ಮೇಲೆ ಏರುವ ಪ್ರತಿ ಡಿಗ್ರಿಗೂ ಬೇಕಾಗುವ ಕಾಲ ಅರ್ಧಕ್ಕೆ ಇಳಿಯುತ್ತದೆ. 57 ಡಿಗ್ರಿಯ ಹೊತ್ತಿಗೆ ಒಂದು ಸೆಕೆಂಡಿಗಿಂತ ಕಡಿಮೆ ಸಾಕು. ಆ ಹಂತದಲ್ಲಿ ಪ್ರೋಟೀನುಗಳು ಹೆಪ್ಪುಗಟ್ಟಿ, ಕೋಶಪೊರೆ ಒಡೆದು, ಸ್ನಾಯು ಎಳೆಗಳು ಮುದುಡಿ ನಿಲ್ಲುತ್ತವೆ. ಪ್ರಯೋಗದ ಪ್ರಾಣಿಗಳಲ್ಲಿ ಇಂತಹ ಗಾಯದ ನಡುಭಾಗ ಬಿಳಿಚಿಕೊಂಡು, ಅಂಚಿನಲ್ಲಿ ರಕ್ತಸ್ರಾವದ ಕೆಂಪು ಪಟ್ಟಿ ಕಾಣಿಸುತ್ತದೆ.

ಆದರೆ ಹೃದಯ ಸ್ನಾಯುವಿನ ಪ್ರತಿ 100 ಗ್ರಾಂಗೆ, ವಿಶ್ರಾಂತಿಯಲ್ಲಿಯೂ, ನಿಮಿಷಕ್ಕೆ ಸುಮಾರು 70ರಿಂದ 90 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ; ಒಳಮೈಯನ್ನು ಕೋಣೆಗಳ ರಕ್ತವೇ ತೊಳೆಯುತ್ತಿರುತ್ತದೆ. ಈ ಹರಿವು ಶಾಖವನ್ನು ಹೊತ್ತೊಯ್ಯುತ್ತದೆ. ಹೃದಯದ ಮುಂದಿರುವ ಪಕ್ಕೆಲುಬುಗಳು ಧ್ವನಿಯನ್ನು ಹೀರಿ ತಾವೇ ಬಿಸಿಯಾಗುತ್ತವೆ, ಪಕ್ಕದ ಶ್ವಾಸಕೋಶದೊಳಗಿನ ಗಾಳಿ ಧ್ವನಿಯನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳುತ್ತದೆ. ಮೇಲಾಗಿ ಗುರಿಯೇ ನಿಂತಲ್ಲಿ ನಿಲ್ಲುವುದಿಲ್ಲ. ಉಸಿರಾಟಕ್ಕೊಮ್ಮೆ, ಮಿಡಿತಕ್ಕೊಮ್ಮೆ ಸರಿಯುತ್ತದೆ. ಗರ್ಭಕೋಶದ ಗಡ್ಡೆಗಳಲ್ಲಿ ಎಂದೋ ರೂಢಿಗೆ ಬಂದ ವಿಧಾನ ಹೃದಯದ ಮಟ್ಟಿಗೆ ಇಷ್ಟು ತಡವಾಗಿರುವುದಕ್ಕೆ ಈ ಅಡೆತಡೆಗಳೇ ಕಾರಣ.

ಎರಡನೆಯದು ಧ್ವನಿಯ ನೂಕುಬಲ. ಅಲೆ ಹೀರಿಕೆಯಾಗುವಾಗ ಅಥವಾ ಪ್ರತಿಫಲಿಸುವಾಗ ಅಂಗಾಂಶವನ್ನು ತನ್ನ ದಿಕ್ಕಿನಲ್ಲಿ ತಳ್ಳುತ್ತದೆ. ಹೃದಯ ಸ್ನಾಯುವಿನ ಮೇಲೆ ಅಲ್ಟ್ರಾಸೌಂಡ್‌ನ ಪರಿಣಾಮವನ್ನು ನ್ಯೂಟನ್ ಹಾರ್ವೆ ಎಂಬ ವಿಜ್ಞಾನಿ 1929ರಷ್ಟು ಹಿಂದೆಯೇ ವರದಿ ಮಾಡಿದ್ದರು. 1990ರ ದಶಕದಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಡಯೇನ್ ಡಲೆಕಿ, ಎಡ್ವಿನ್ ಕಾರ್ಸ್ಟೆನ್ಸನ್ ಮತ್ತು ಅವರ ಸಂಗಡಿಗರು ಕಪ್ಪೆಯ ಹೃದಯದ ಮೇಲೆ ಕೆಲವೇ ಮಿಲಿಸೆಕೆಂಡುಗಳ ಬಲವಾದ ಧ್ವನಿ ಸ್ಪಂದಗಳನ್ನು ಕಳುಹಿಸಿ ನೋಡಿದರು. ಸ್ಪಂದವು ವ್ಯಾಕೋಚನದ (ಹೃದಯ ಸಡಿಲಗೊಳ್ಳುವ) ವೇಳೆ ತಲುಪಿದಾಗ ಹೃದಯ ಅಕಾಲಿಕವಾಗಿ ಒಮ್ಮೆ ಮಿಡಿಯಿತು. ಸಂಕೋಚನದ (ಹೃದಯ ಹಿಂಡಿಕೊಳ್ಳುವ) ವೇಳೆ ತಲುಪಿದಾಗ ಮಿಡಿತದ ಲಯ ಬದಲಾಗದೆ ಮಹಾಪಧಮನಿಯ ಒತ್ತಡ ಮಾತ್ರ ಕುಸಿಯಿತು. ಈ ಒತ್ತಡದ ಕುಸಿತಕ್ಕೆ ಕಾರಣ ಶಾಖವಲ್ಲ, ನೂಕುಬಲ ಎಂಬುದನ್ನು ಅವರ ಮುಂದಿನ ಪ್ರಯೋಗಗಳು ಸೂಚಿಸಿದವು. ಒಂದೇ ಧ್ವನಿ, ಒಂದೇ ಹೃದಯ, ಕ್ಷಣ ಮಾತ್ರ ಬೇರೆ. ಫಲ ಪೂರ್ತಿ ಬೇರೆ. ಈ ವಿಷಯದಲ್ಲಿ ನಾನು ಓದಿದ ಪ್ರಯೋಗಗಳಲ್ಲಿ ಇದಕ್ಕಿಂತ ಹೆಚ್ಚು ಕಲಿಸಿದ್ದು ಇನ್ನೊಂದಿಲ್ಲ.

ಇದರ ಹಿಂದಿನ ಶರೀರಕ್ರಿಯೆ ನಿಮಗೆ ಪರಿಚಿತವೇ. ಹೃದಯದ ಕೋಶಪೊರೆಯಲ್ಲಿ ಎಳೆತಕ್ಕೆ ತೆರೆದುಕೊಳ್ಳುವ ಅಯಾನು (ವಿದ್ಯುದಾವೇಶವಿರುವ ಕಣ) ಮಾರ್ಗಗಳಿವೆ. ಪೊರೆ ಹಠಾತ್ತನೆ ಎಳೆಯಲ್ಪಟ್ಟಾಗ ಅವುಗಳ ಮೂಲಕ ಧನ ಅಯಾನುಗಳು ಒಳನುಗ್ಗಿ, ವಿದ್ಯುತ್ ವಿಭವ ಹೊಸ್ತಿಲನ್ನು ದಾಟಿದರೆ ಹೊಸ ಮಿಡಿತವೊಂದು ಹುಟ್ಟುತ್ತದೆ. ಆಟದ ಚೆಂಡು ಎದೆಗೆ ಬಡಿದು, ಇಸಿಜಿಯ ಟಿ ಅಲೆ (ಹೃದಯ ಮುಂದಿನ ಮಿಡಿತಕ್ಕೆ ಅಣಿಯಾಗುವ ಹಂತ) ಏರುತ್ತಿರುವ ಆ ಕಿರುಕ್ಷಣದಲ್ಲಿಯೇ ಪೆಟ್ಟು ಬಿದ್ದಿದ್ದರೆ ಆರೋಗ್ಯವಂತ ಬಾಲಕನ ಹೃದಯವೂ ಅಡ್ಡಾದಿಡ್ಡಿಯಾಗಿ ಕಂಪಿಸತೊಡಗುವುದು ಇದೇ ಬಗೆಯ ಯಾಂತ್ರಿಕ ಪ್ರಚೋದನೆಯಿಂದ. ಇದನ್ನೇ ಉಪಯೋಗಕ್ಕೆ ತಿರುಗಿಸಿ, ತಂತಿಯಿಲ್ಲದೆ ಹೊರಗಿನಿಂದಲೇ ಹೃದಯವನ್ನು ಮಿಡಿಸಬಹುದು ಎಂದು ಫ್ರಾನ್ಸಿನ ಸಂಶೋಧಕರು 2016ರಲ್ಲಿ ಹಂದಿಗಳಲ್ಲಿ ತೋರಿಸಿದರು. ಅದು ಇನ್ನೂ ಪ್ರಯೋಗಾಲಯದ ಮಾತು.

ಮೂರನೆಯದಾದ ಗುಳ್ಳೆಗಳ ವಿಷಯ ಸ್ವಲ್ಪ ಹೆಚ್ಚು ವಿವರಣೆ ಬೇಡುತ್ತದೆ. ಧ್ವನಿಯ ಅಲೆಯಲ್ಲಿ ಒತ್ತುವ ಅರ್ಧ ಒಂದಾದರೆ ಸೆಳೆಯುವ ಅರ್ಧ ಇನ್ನೊಂದು. ಸೆಳೆತ 25ರಿಂದ 30 ಮೆಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಇನ್ನೂರೈವತ್ತು ಪಟ್ಟಿಗೂ ಹೆಚ್ಚಾದಾಗ, ನೀರಿನಂಶವಿರುವ ಅಂಗಾಂಶದಲ್ಲಿ ಸೂಕ್ಷ್ಮ ಗುಳ್ಳೆಗಳ ಮೋಡವೇ ಉಕ್ಕಿ, ಹಿಗ್ಗಿ, ಕುಸಿಯುತ್ತದೆ. ಸ್ಪಂದಗಳು ಮೈಕ್ರೊಸೆಕೆಂಡುಗಳಷ್ಟೇ ಇರುವುದರಿಂದ ಶಾಖ ಬಹಳ ಕಡಿಮೆ. ಕೋಶಗಳು ಸುಡದೆ ಹರಿದು ಚೂರಾಗುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವಿಧಾನಕ್ಕೆ ಹಿಸ್ಟೋಟ್ರಿಪ್ಸಿ ಎಂದು ಹೆಸರು. ಯಕೃತ್ತಿನ ಗಡ್ಡೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಹೃದಯದಲ್ಲಿ, ಅದೇ ತಂಡ 2010ರಲ್ಲಿ ಎದೆ ತೆರೆಯದೆಯೇ ನಾಯಿಗಳ ಹೃತ್ಕರ್ಣಗಳ (ಹೃದಯದ ಮೇಲಿನ ಕೋಣೆಗಳ) ನಡುವಿನ ಗೋಡೆಯಲ್ಲಿ ರಂಧ್ರ ಮಾಡಿ ತೋರಿಸಿತು. ಕೆಲವು ಜನ್ಮಜಾತ ಹೃದ್ರೋಗಗಳಲ್ಲಿ ಶಿಶುವಿನ ಪ್ರಾಣ ಉಳಿಯಲು ಅಂತಹ ರಂಧ್ರವೇ ಬೇಕಾಗುತ್ತದೆ ಎಂಬುದು ಈ ಪ್ರಯತ್ನದ ಹಿಂದಿನ ಉದ್ದೇಶ.

ಹೊರಗಿನಿಂದ ಗುಳ್ಳೆಗಳನ್ನು ಸೇರಿಸಿದರೆ ಇಷ್ಟು ಬಲವೂ ಬೇಕಿಲ್ಲ. ಎಕೋ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ದ್ರವದಲ್ಲಿ ಕೆಂಪು ರಕ್ತಕಣಗಳಿಗಿಂತಲೂ ಬಹುಮಟ್ಟಿಗೆ ಸಣ್ಣದಾದ ಅನಿಲದ ಗುಳ್ಳೆಗಳಿರುತ್ತವೆ. ನೆದರ್‌ಲ್ಯಾಂಡ್ಸ್‌ನ ವೈದ್ಯರು 2000ದಲ್ಲಿ ಪ್ರಕಟಿಸಿದ ವರದಿಯಂತೆ, ಈ ಗುಳ್ಳೆಗಳಿದ್ದಾಗ ಸಂಕೋಚನದ ಕೊನೆಗೆ ಸರಿಯಾಗಿ ಬಲವಾದ ಚಿತ್ರಣ ಸ್ಪಂದಗಳನ್ನು ಕಳುಹಿಸಿದರೆ ಆರೋಗ್ಯವಂತರಲ್ಲಿಯೂ ಅಕಾಲಿಕ ಮಿಡಿತಗಳು ಕಾಣಿಸಿಕೊಂಡವು. ಗುಳ್ಳೆಯಿಲ್ಲದೆ ಅದೇ ಸ್ಪಂದ, ಅಥವಾ ದುರ್ಬಲ ಸ್ಪಂದದೊಂದಿಗೆ ಅದೇ ಗುಳ್ಳೆ, ಈ ಪರಿಣಾಮವನ್ನು ತೋರಲಿಲ್ಲ. ಮಿಷಿಗನ್ನಿನ ಡಗ್ಲಾಸ್ ಮಿಲ್ಲರ್ ಇಲಿಗಳಲ್ಲಿ ಇನ್ನೂ ಆಳಕ್ಕೆ ಹೋಗಿ, ಲೋಮನಾಳಗಳ (ಅತಿ ಸೂಕ್ಷ್ಮ ರಕ್ತನಾಳಗಳ) ಸೋರಿಕೆ, ಚುಕ್ಕೆಯಂತಹ ರಕ್ತಸ್ರಾವ, ಅಲ್ಲೊಂದು ಇಲ್ಲೊಂದು ಸತ್ತ ಸ್ನಾಯುಕೋಶ ಇವನ್ನು ಗುರುತಿಸಿದರು. ಈಗ ಕಾಂಟ್ರಾಸ್ಟ್ ಎಕೋವನ್ನು ಬಹಳ ಕಡಿಮೆ ಒತ್ತಡದಲ್ಲಿ ಮಾಡುವ ಪದ್ಧತಿ ಬಂದಿರುವುದರಿಂದ ರೋಗಿಗಳು ಕಳವಳಪಡಬೇಕಾಗಿಲ್ಲ. ಇದೇ ಗುಳ್ಳೆಗಳ ಬಲವನ್ನು ಚಿಕಿತ್ಸೆಗೂ ಬಳಸಿದ್ದಾರೆ: ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ತೀವ್ರ ಹೃದಯಾಘಾತವಾದ 100 ರೋಗಿಗಳ ಅಧ್ಯಯನವೊಂದರಲ್ಲಿ, ಗುಳ್ಳೆಗಳೊಂದಿಗೆ ಬಲವಾದ ಸ್ಪಂದಗಳನ್ನು ಪಡೆದವರ ಪೈಕಿ ಶೇ. 48ರಷ್ಟು ಮಂದಿಯಲ್ಲಿ ಆಂಜಿಯೋಪ್ಲಾಸ್ಟಿಗೆ ಮುನ್ನವೇ ಮುಚ್ಚಿದ ರಕ್ತನಾಳ ತೆರೆದುಕೊಂಡಿತ್ತು. ಪಡೆಯದವರಲ್ಲಿ ಇದು ಶೇ. 20. 2019ರಲ್ಲಿ ಪ್ರಕಟವಾದ ಈ ಫಲ ದೊಡ್ಡ ಅಧ್ಯಯನಗಳಲ್ಲಿ ದೃಢಪಡಬೇಕು.

ಇನ್ನು ಗಾಯವಾದ ಮೇಲೆ ಏನಾಗುತ್ತದೆ? ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ಬಂದು ಸತ್ತ ಕೋಶಗಳನ್ನು ತೆರವುಗೊಳಿಸುತ್ತವೆ. ವಾರಗಳಲ್ಲಿ ಕೊಲಾಜನ್ ತುಂಬಿ ಗಟ್ಟಿಯಾದ ಕಲೆ ಉಳಿಯುತ್ತದೆ. ಯಕೃತ್ತಾದರೆ ಬಹುಮಟ್ಟಿಗೆ ಮರಳಿ ಬೆಳೆಯುತ್ತಿತ್ತು. ಹೃದಯಕ್ಕೆ ಆ ಭಾಗ್ಯವಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಹೃದಯಕೋಶಗಳಲ್ಲಿ ಅಳೆದು, ಅವುಗಳ ವಯಸ್ಸು ಲೆಕ್ಕಹಾಕಿ ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಕಂಡುಕೊಂಡಂತೆ, 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಹೃದಯ ಸ್ನಾಯುಕೋಶಗಳು ಮಾತ್ರ ಹೊಸದಾಗುತ್ತವೆ, 75ರ ವಯಸ್ಸಿಗೆ ಅದು ಶೇ. ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಲೆಯಾದ ಜಾಗ ಸಂಕುಚಿಸುವುದಿಲ್ಲ, ವಿದ್ಯುತ್ತನ್ನು ಸಾಗಿಸುವುದೂ ಇಲ್ಲ. ತಪ್ಪು ದಾರಿಯ ವಿದ್ಯುತ್ತನ್ನು ತಡೆಯಬೇಕಾದಾಗ ಇದು ವರ. ಗುರಿ ತಪ್ಪಿದಾಗ ಅದೇ ಕಲೆಯ ಅಂಚು ಹೊಸ ಲಯದೋಷಕ್ಕೆ ನೆಲೆಯಾಗಬಲ್ಲದು.

ಪ್ರಶ್ನೆ: ನನಗೆ 61 ವರ್ಷ. ಹೃತ್ಕರ್ಣದ ಕಂಪನದಿಂದ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್‌ನಿಂದ ಬಳಲುತ್ತಿದ್ದೇನೆ. ತೊಡೆಯಿಂದ ಕೆಥೆಟರ್ (ತೆಳು ಕೊಳವೆ) ತೂರಿಸಿ ಅಬ್ಲೇಶನ್ (ಲಯ ಕೆಡಿಸುವ ಅಂಗಾಂಶವನ್ನು ನಾಶಪಡಿಸುವ ಚಿಕಿತ್ಸೆ) ಮಾಡಿಸಿಕೊಳ್ಳಿ ಎನ್ನುತ್ತಾರೆ. ಅದರ ಬದಲು ಅಲ್ಟ್ರಾಸೌಂಡ್‌ನಿಂದ ಮಾಡಲು ಬರುವುದಿಲ್ಲವೇ? (ಮೈಸೂರಿನ ಓದುಗರು)

ಉತ್ತರ: ಪ್ರಯತ್ನಗಳು ನಡೆದಿವೆ, ಅವುಗಳ ಕಥೆಯನ್ನು ತಿಳಿದುಕೊಂಡರೆ ನಿಮ್ಮ ವೈದ್ಯರ ಸಲಹೆಯ ಅರ್ಥ ಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯದ ಹೊರಮೈಗೆ ಪಟ್ಟಿಯಂತಹ ಸಾಧನ ಸುತ್ತಿ ಅಲ್ಟ್ರಾಸೌಂಡ್‌ನಿಂದ ಸುಡುವ ವಿಧಾನವನ್ನು 103 ರೋಗಿಗಳಲ್ಲಿ ಬಳಸಿ, ಆರು ತಿಂಗಳ ನಂತರ ಶೇ. 85ರಷ್ಟು ಮಂದಿಯಲ್ಲಿ ಕಂಪನ ಇರಲಿಲ್ಲ ಎಂದು 2005ರಲ್ಲಿ ಯುರೋಪಿನ ಶಸ್ತ್ರವೈದ್ಯರು ವರದಿ ಮಾಡಿದರು. ಮುಂದೆ ಬೇರೆ ಕಡೆಗಳಲ್ಲಿ ಅಂತಹ ಫಲ ಮರುಕಳಿಸಲಿಲ್ಲ.

ಕೆಥೆಟರಿನ ತುದಿಯ ಬಲೂನಿನಿಂದ, ಶ್ವಾಸಕೋಶದ ಅಭಿಧಮನಿಗಳ ಬಾಯಿಗೆ ಉಂಗುರದಂತೆ ಧ್ವನಿಯನ್ನು ಕೂಡಿಸುವ ಇನ್ನೊಂದು ಸಾಧನ ನಿಜಕ್ಕೂ ಜಾಣ ಕಲ್ಪನೆಯಾಗಿತ್ತು. ಆದರೆ ಎಡ ಹೃತ್ಕರ್ಣದ ಹಿಂಗೋಡೆಯ ದಪ್ಪ ಕೆಲವೇ ಮಿಲಿಮೀಟರ್, ಅದಕ್ಕೆ ಅಂಟಿಕೊಂಡಂತೆ ಅನ್ನನಾಳ. ಬಲಭಾಗದಲ್ಲಿ, ಉಸಿರಾಟದ ಸ್ನಾಯುವಾದ ವಪೆಯನ್ನು ನಡೆಸುವ ನರ. ಕೇಂದ್ರಬಿಂದುವಿನ ಆಚೆಗೂ ಶಾಖ ಹರಡಿ ಕೆಲವರಲ್ಲಿ ಆ ನರ ನಿಷ್ಕ್ರಿಯವಾಯಿತು, ಕೆಲವರಲ್ಲಿ ಹೃತ್ಕರ್ಣಕ್ಕೂ ಅನ್ನನಾಳಕ್ಕೂ ನಡುವೆ ತೂತು ಬಿದ್ದಿತು. ಅನ್ನನಾಳದೊಳಗೆ ತಾಪಮಾಪಕ ಇಟ್ಟು, ಎಚ್ಚರಿಕೆಯ ಕ್ರಮಗಳನ್ನು ಪಾಲಿಸಿದ ಮೇಲೆಯೂ ಸಾವು ಸಂಭವಿಸಿದ್ದನ್ನು ಜರ್ಮನಿಯ ವೈದ್ಯರು 2010ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಅಂತಹ ಪ್ರಕಟಣೆಗೆ ಧೈರ್ಯ ಬೇಕು, ಮುಂದಿನ ರೋಗಿಗಳು ಬದುಕಿದ್ದು ಅದರಿಂದ. ಆ ಬಲೂನು ಬಳಕೆಯಿಂದ ಹಿಂದೆ ಸರಿಯಿತು. ನಿಮಗೆ ಸೂಚಿಸಿರುವ ಕೆಥೆಟರ್ ವಿಧಾನವನ್ನೇ ಸ್ವೀಕರಿಸಿ. ಅದಕ್ಕೆ ಮೊದಲು ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತಾಯಿಯವರಿಗೆ 84 ವರ್ಷ. ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಕಿರಿದಾಗಿದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಫ್ರಾನ್ಸಿನಲ್ಲಿ ಎದೆಯ ಮೇಲಿನಿಂದಲೇ ಅಲ್ಟ್ರಾಸೌಂಡ್ ಹಾಯಿಸಿ ಕವಾಟವನ್ನು ಮೆದುಗೊಳಿಸುತ್ತಾರಂತೆ. ಅದಕ್ಕಾಗಿ ಕಾಯಬಹುದೇ? (ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಓದುಗರು, ತಾಯಿ ಉಡುಪಿಯಲ್ಲಿದ್ದಾರೆ)

ಉತ್ತರ: ಕಾಯಬೇಡಿ ಎಂಬುದೇ ನನ್ನ ನೇರ ಉತ್ತರ. ತಾಯಿಯವರಿಗೆ ಈಗಾಗಲೇ ಏದುಸಿರು ಇದೆ ಎಂದರೆ ಕಾಲ ಅವರ ಪರವಾಗಿಲ್ಲ.

ನೀವು ಓದಿರುವುದು ನಿಜವಾದ ಸಂಶೋಧನೆಯೇ. ಪ್ಯಾರಿಸ್‌ನ ಹೃದ್ರೋಗತಜ್ಞ ಎಮಾನ್ಯುಯೆಲ್ ಮೆಸ್ಸಾಸ್ ಮತ್ತು ಸಂಗಡಿಗರು, ಎಕೋ ಚಿತ್ರದಲ್ಲಿ ಕವಾಟವನ್ನು ನೋಡುತ್ತಲೇ ಅದರ ಮೇಲೆ ಚಿಕ್ಕ, ತೀವ್ರ ಸ್ಪಂದಗಳನ್ನು ಕೂಡಿಸಿ, ಮೇಲೆ ಹೇಳಿದ ಗುಳ್ಳೆಗಳ ಬಲದಿಂದ ಗಡುಸಾದ ಎಸಳುಗಳನ್ನು ಸಡಿಲಗೊಳಿಸಲು ಯತ್ನಿಸಿದ್ದಾರೆ. ಇಲ್ಲಿ ಸುಡುವುದು ಉದ್ದೇಶವಲ್ಲ, ಸುಣ್ಣವನ್ನು ಕಿತ್ತು ತೆಗೆಯುವುದೂ ಅಲ್ಲ. ಎಸಳುಗಳು ಸ್ವಲ್ಪ ಹೆಚ್ಚು ಅಲುಗುವಂತೆ ಮಾಡುವುದು. ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಮತ್ತು ಸರ್ಬಿಯಾಗಳಲ್ಲಿ, ಕವಾಟ ಬದಲಾವಣೆಗೆ ಅರ್ಹರಲ್ಲದ 40 ರೋಗಿಗಳಲ್ಲಿ ನಡೆಸಿದ ಅಧ್ಯಯನದ ಫಲ 2023ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಕವಾಟದ ತೆರೆವು ಸರಾಸರಿ 0.58 ಚದರ ಸೆಂಟಿಮೀಟರಿನಿಂದ 0.64ಕ್ಕೆ ಏರಿತ್ತು, ಕವಾಟದ ಎರಡೂ ಬದಿಯ ಒತ್ತಡದ ಸರಾಸರಿ ಅಂತರ ಸುಮಾರು 42ರಿಂದ 39 ಮಿಲಿಮೀಟರ್ ಪಾದರಸಕ್ಕೆ ಇಳಿದಿತ್ತು. ಚಿಕಿತ್ಸೆಯ ಕಾರಣದಿಂದ ಮೊದಲ ಮೂವತ್ತು ದಿನಗಳಲ್ಲಿ ಯಾರೂ ಸಾಯಲಿಲ್ಲ ಎಂಬುದು ಸಮಾಧಾನದ ವಿಷಯ.

ಆದರೆ ಆ ಅಂಕಿಗಳನ್ನು ತೂಗಿ ನೋಡಿ. ಆರೋಗ್ಯವಂತ ವಯಸ್ಕರಲ್ಲಿ ಈ ತೆರೆವು 3ರಿಂದ 4 ಚದರ ಸೆಂಟಿಮೀಟರ್. 1ಕ್ಕಿಂತ ಕಡಿಮೆಯಾದರೆ ತೀವ್ರ ಎನ್ನುತ್ತೇವೆ. ಅಂದರೆ ಚಿಕಿತ್ಸೆಯ ನಂತರವೂ ಅವರ ಕಾಯಿಲೆ ತೀವ್ರವಾಗಿಯೇ ಉಳಿದಿತ್ತು. ಜೊತೆಗೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಇದು ಆಸರೆಯಾಗಬಹುದು. ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸುವ ಟಾವಿ ವಿಧಾನವನ್ನು ಫ್ರಾನ್ಸಿನ ವೈದ್ಯ ಅಲೈನ್ ಕ್ರಿಬಿಯೆ 2002ರಲ್ಲಿ ಮೊದಲ ಬಾರಿ ಮಾಡಿದರು, ಈಗ ಅದು ಕರ್ನಾಟಕದಲ್ಲಿಯೂ ಲಭ್ಯವಿದೆ. 84 ವರ್ಷ ಅದಕ್ಕೆ ತಡೆಯಲ್ಲ. ತಾಯಿಯವರನ್ನು ಈ ತಿಂಗಳೇ ಹೃದ್ರೋಗತಜ್ಞರ ಬಳಿ ಕರೆದೊಯ್ಯುವ ಏರ್ಪಾಡು ಮಾಡಿ. ಟಾವಿಗೆ ಅರ್ಹರೇ, ರಕ್ತನಾಳಗಳ ಸಿ.ಟಿ. ಬೇಕೇ, ಮೂತ್ರಪಿಂಡ ಹೇಗಿದೆ ಎಂಬ ಮೂರನ್ನೂ ಕೇಳಿಸಿ.

ಪ್ರಶ್ನೆ: ನನ್ನ ಪತಿಗೆ ಪೇಸ್‌ಮೇಕರ್ ಇದೆ. ಈಗ ಮೂತ್ರಪಿಂಡದ ಕಲ್ಲಿಗೆ ಹೊರಗಿನಿಂದ ಆಘಾತ ತರಂಗ (ಕಲ್ಲನ್ನು ಒಡೆಯುವ ಬಲವಾದ ಒತ್ತಡದ ಅಲೆ) ಕೊಡಿಸಬೇಕು ಎನ್ನುತ್ತಾರೆ. ಹೃದಯಕ್ಕೆ ಅಪಾಯವಿದೆಯೇ? (ರಾಯಚೂರಿನ ಓದುಗರು)

ಉತ್ತರ: ಮುನ್ನೆಚ್ಚರಿಕೆಯಿಂದ ಮಾಡಿಸಬಹುದು. ಮ್ಯೂನಿಕ್‌ನಲ್ಲಿ 1980ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದ ಕಾಲದ ಯಂತ್ರಗಳಲ್ಲಿ ಪ್ರತಿ ತರಂಗವನ್ನೂ ಇಸಿಜಿಯ ಆರ್ ಅಲೆಗೆ (ಮಿಡಿತದ ಆರಂಭದ ಚೂಪಾದ ಅಲೆಗೆ) ಜೋಡಿಸಿ, ಹೃದಯ ಪ್ರಚೋದನೆಗೆ ಓಗೊಡದ ಕ್ಷಣದಲ್ಲಿಯೇ ಬಿಡುತ್ತಿದ್ದರು. ಧಾರವಾಡದ ವಿದ್ಯಾರ್ಥಿನಿಗೆ ವಿವರಿಸಿದ ಅಕಾಲಿಕ ಮಿಡಿತವನ್ನು ತಪ್ಪಿಸುವ ಉಪಾಯ ಅದು. ಈಗಿನ ಯಂತ್ರಗಳಲ್ಲಿ ಹಲವು ವೇಳೆ ಈ ಜೋಡಣೆ ಇಲ್ಲದೆಯೂ ಮಾಡುತ್ತಾರೆ, ಲಯ ತಪ್ಪಿದರೆ ಮಾತ್ರ ಜೋಡಿಸುತ್ತಾರೆ. ಪೇಸ್‌ಮೇಕರ್ ಇರುವ ವಿಷಯವನ್ನು, ಅದರ ಕಾರ್ಡಿನೊಂದಿಗೆ, ಕಲ್ಲಿನ ವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ಮೊದಲೇ ತಿಳಿಸಿ. ಸಾಧನದ ಜಾಗ ತರಂಗದ ದಾರಿಯಲ್ಲಿ ಇರಕೂಡದು. ಉದ್ದಕ್ಕೂ ಇಸಿಜಿ ನೋಡುತ್ತಿರಬೇಕು. ಚಿಕಿತ್ಸೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೃದ್ರೋಗ ವಿಭಾಗದಲ್ಲಿ ಪೇಸ್‌ಮೇಕರಿನ ತಪಾಸಣೆ ಮಾಡಿಸಿ.